ಮಹಾಪಧಮನಿಗೆ ಅಂಟಿದ ಹೈಡಾಟಿಡ್ ಗಂಟಿಗೆ ಸೂಜಿ ಹಾಕಿಸಬಹುದಾ?

ಬೆನ್ನುನೋವು ಅಂತ ಸ್ಕ್ಯಾನ್ ಮಾಡಿಸಿದಾಗ, ಕುರಿ ಸಾಕುವ ನಿಮ್ಮ ಚಿಕ್ಕಪ್ಪನ ಹೊಟ್ಟೆಯ ಮಹಾಪಧಮನಿಗೆ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ) ಅಂಟಿದ ಹೈಡಾಟಿಡ್ ಗಂಟು, ಅಂದರೆ ಲಾಡಿಹುಳುವಿನ ಮರಿಯಿಂದ ಬೆಳೆಯುವ ನೀರು ತುಂಬಿದ ಚೀಲ, ಕಂಡಿದೆ. ಸೂಜಿ ಹಾಕಿ ನೀರು ತೆಗೆದರೆ ಸಾಕಲ್ವಾ, ಇಲ್ಲ ಮಾತ್ರೆಗೇ ಕರಗುತ್ತಾ ಅಂತ ಕೇಳಿದ್ದೀರಿ. ನಾನು ರಕ್ತನಾಳದ ಸರ್ಜನ್. ದಯವಿಟ್ಟು ಸೂಜಿ ಹಾಕಿಸಬೇಡಿ.

ಲಿವರ್‌ನ ಕೆಲವು ಗಂಟುಗಳಿಗೆ ಮಾತ್ರೆ ಕೊಟ್ಟು, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ನೀರು ತೆಗೆಯುವುದುಂಟು. ನೀವು ಕೇಳಿರುವುದು ಅದನ್ನೇ ಇರಬೇಕು. ಮಹಾಪಧಮನಿಯ ಪಕ್ಕ ಅದು ಬೇಡ. ಒಳಗಿನ ನೀರು ಸೋರಿದರೆ ಅಲರ್ಜಿಯಾಗಿ ಬಿಪಿ ಕುಸಿಯಬಹುದು. ಆ ನೀರಲ್ಲಿರುವ ಮರಿಹುಳುಗಳು ಬಿದ್ದ ಜಾಗದಲ್ಲಿ ಹೊಸ ಗಂಟು ಕಟ್ಟಬಹುದು. ನಾಳದ ಗೋಡೆ ಈಗಾಗಲೇ ಸವೆದಿದ್ದರೆ ರಕ್ತ ಚಿಮ್ಮುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬರು ನಮ್ಮಲ್ಲಿಗೆ ಬಂದರು. ಬಲಗಾಲು ಇದ್ದಕ್ಕಿದ್ದಂತೆ ತಣ್ಣಗಾಗಿತ್ತು. ರಕ್ತ ಹೆಪ್ಪುಗಟ್ಟಿದೆ ಅಂದುಕೊಂಡೆವು. ತೊಡೆಸಂದಿಯಲ್ಲಿ ನಾಳ ಬಿಡಿಸಿ, ತುದಿಯಲ್ಲಿ ಬಲೂನ್ ಇರುವ ಕೊಳವೆ ಹಾಕಿ ಎಳೆದೆವು. ಬಂದದ್ದು ಕಪ್ಪು ಹೆಪ್ಪಲ್ಲ. ಎಳೆ ತಾಟಿನುಂಗಿನ ತಿರುಳಿನ ಹಾಗೆ ಬೆಳ್ಳಗಿನ, ಜಾರುವ ಪೊರೆ. ಮೈಕ್ರೋಸ್ಕೋಪಿನಲ್ಲಿ ಅದು ಪದರ ಪದರವಾಗಿ ಕಂಡಿತು. ಹೈಡಾಟಿಡ್ ಗಂಟಿನ ಗುರುತೇ ಅದು. ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಮಾಡಿದರೆ, ಗಂಟು ಮಹಾಪಧಮನಿಯ ಗೋಡೆಯಲ್ಲೇ ಕೂತು ಒಳಕ್ಕೆ ಒಡೆದಿತ್ತು. ಅವರ ಹಳೆಯ ರಿಪೋರ್ಟಿನಲ್ಲಿ ಅದನ್ನೇ 'ಅನ್ಯೂರಿಸಂ', ಅಂದರೆ ನಾಳದ ಉಬ್ಬು ಅಂತ ಬರೆದಿದ್ದರು.

ಅದಕ್ಕೇ ನಿಮ್ಮವರಿಗೆ ಸಿಟಿ ಆಂಜಿಯೋ ಜೊತೆ ಎಂಆರ್‌ಐ ಕೂಡ ಮಾಡಿಸಿ. ಬೆನ್ನುನೋವಿದೆ ಅಂದಮೇಲೆ ಬೆನ್ನುಮೂಳೆಗೂ ಹಬ್ಬಿದೆಯಾ ಅಂತ ನೋಡಲೇಬೇಕು. ಲಿವರ್, ಶ್ವಾಸಕೋಶ, ಹೃದಯವನ್ನೂ ನೋಡಿಸಿ. ಈ ಗಂಟುಗಳಲ್ಲಿ ಸುಮಾರು 70% ಲಿವರ್‌ನಲ್ಲಿ, 20% ಶ್ವಾಸಕೋಶದಲ್ಲಿ ಇರುತ್ತವೆ. ಇವೆರಡನ್ನೂ ದಾಟಿದ ಮರಿಹುಳು ಮಹಾಪಧಮನಿಯ ಗೋಡೆಗೆ ರಕ್ತ ಕೊಡುವ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಬೆಳೆಯುವುದು ತೀರಾ ಅಪರೂಪ. ಎಲೈಸಾ ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ನಿರಾಳವಾಗಬೇಡಿ. ಗಂಟು ಒಡೆಯದೆ ಇದ್ದಾಗ ಎಷ್ಟೋ ಸಲ ನೆಗೆಟಿವ್ವೇ ಬರುತ್ತದೆ.

ಮಾತ್ರೆ ಅಂದರೆ ಆಲ್ಬೆಂಡಜೋಲ್. ದೊಡ್ಡವರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಜಿಡ್ಡಿರುವ ಊಟದ ಜೊತೆ. ನಡುನಡುವೆ ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಬೇಕು. ಆದರೆ ಇಲ್ಲಿ ಮಾತ್ರೆಯೊಂದೇ ಸಾಲದು. ಅಂಗಡಿಯಿಂದ ನೀವೇ ತಂದು ಶುರುಮಾಡಲೂಬೇಡಿ. ಔಷಧಿಗೆ ಗಂಟಿನ ಪೊರೆ ಮೆತ್ತಗಾಗಿ ನಾಳದೊಳಕ್ಕೆ ಒಡೆಯುವ ಭಯವಿದೆ. ಯಾವಾಗ ಶುರುಮಾಡಬೇಕು ಅನ್ನುವುದನ್ನು ಆಪರೇಷನ್ ಮಾಡುವವರೇ ಹೇಳಲಿ.

ಆಪರೇಷನ್ನಿನಲ್ಲಿ ಮೊದಲು ಗಂಟಿನ ಸುತ್ತ 20% ಉಪ್ಪುನೀರಲ್ಲಿ ಅದ್ದಿದ ಬಟ್ಟೆ ತುಂಬುತ್ತೇವೆ. ಒಂದು ಹನಿ ಆಚೆ ಬಿದ್ದರೂ ಮರಿಹುಳು ಅಲ್ಲೇ ಸಾಯಲಿ ಅಂತ. ಮಹಾಪಧಮನಿಯನ್ನು ಮೇಲೆ ಕೆಳಗೆ ಕ್ಲಾಂಪ್ ಹಾಕಿ ರಕ್ತ ತಡೆದು, ಗಂಟನ್ನೂ ಕೆಟ್ಟ ಗೋಡೆಯನ್ನೂ ತೆಗೆದು, ಅಲ್ಲಿಗೆ ಡೇಕ್ರಾನ್ ಅನ್ನುವ ಕೃತಕ ಬಟ್ಟೆಯ ಕೊಳವೆ ಹೊಲಿಯುತ್ತೇವೆ. ನಾಳದೊಳಗೇ ಕೊಳವೆ ಕೂರಿಸುವ ಸ್ಟೆಂಟ್ ಸುಲಭ ಅಂತ ಅನ್ನಿಸುತ್ತದೆ, ನಿಜ. ಆದರೆ ಗಂಟು ಹೊರಗೆ ಹಾಗೇ ಉಳಿಯುತ್ತದೆ. ತುರ್ತಿನಲ್ಲಿ, ಅಥವಾ ದೊಡ್ಡ ಆಪರೇಷನ್ ತಡೆಯಲಾರದವರಿಗೆ ಅದು ಸರಿ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ, ವರ್ಷಗಟ್ಟಲೆ ಸ್ಕ್ಯಾನ್.

ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ. ಹೃದಯ–ರಕ್ತನಾಳದ ತಂಡವಿರುವ ದೊಡ್ಡ ಆಸ್ಪತ್ರೆ ಹುಡುಕಲು ಸಮಯ ಸಿಗುತ್ತದೆ. ಆದರೆ ಬೆನ್ನುನೋವು ಒಮ್ಮೆಲೇ ಜಾಸ್ತಿಯಾದರೆ, ಕಾಲು ತಣ್ಣಗಾದರೆ, ಮೈಮೇಲೆ ದದ್ದೆದ್ದು ತಲೆ ಸುತ್ತಿದರೆ ಆ ಕ್ಷಣವೇ ಹೊರಡಿ.

ಇನ್ನೊಂದು. ಮಟನ್ ತಿಂದಿದ್ದಕ್ಕೆ ಹೀಗಾಯಿತು ಅಂತ ಚಿಕ್ಕಪ್ಪನನ್ನು ಯಾರೂ ಬೈಯುವುದು ಬೇಡ. ಇದು ನಾಯಿಯ ಕರುಳಲ್ಲಿರುವ, ಅರ್ಧ ಸೆಂಟಿಮೀಟರ್ ಉದ್ದದ ಲಾಡಿಹುಳು. ಅದರ ಮೊಟ್ಟೆ ನಾಯಿಯ ಮಲದಿಂದ ಕೈಗೆ, ನೀರಿಗೆ, ಸೊಪ್ಪಿಗೆ ಸೇರಿ ನಮ್ಮ ಹೊಟ್ಟೆಗೆ ಬರುತ್ತದೆ. ಮಾಂಸ ಮುಟ್ಟದವರಿಗೂ ಬಂದಿದೆ. ನಾಯಿಗೆ ಅದು ಬರುವುದು ಗಂಟಿರುವ ಕುರಿಯ ಲಿವರ್, ಶ್ವಾಸಕೋಶ ತಿಂದು. ಐಸ್‌ಲ್ಯಾಂಡಿನವರು ಈ ಕೊಂಡಿ ಕತ್ತರಿಸಿಯೇ ರೋಗವನ್ನು ಇಲ್ಲವಾಗಿಸಿದರು. ಹಟ್ಟಿಯಲ್ಲಿ ಕುರಿ ಕೊಯ್ದಾಗ ಅಂಥದ್ದನ್ನು ನಾಯಿಗೆ ಎಸೆಯಬೇಡಿ, ಸುಟ್ಟುಬಿಡಿ. ನಾಯಿಗಳಿಗೆ ಪಶುವೈದ್ಯರಿಂದ ಪ್ರಾಜಿಕ್ವಾಂಟೆಲ್ ಅನ್ನುವ ಹುಳುವಿನ ಔಷಧಿ ಹಾಕಿಸಿ. ಮನೆಯವರೆಲ್ಲರೂ, ಮಕ್ಕಳೂ ಸೇರಿ, ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಳ್ಳಿ.