ಧಾರಣೆ ಪಟ್ಟಿ ಪುಟದ ನೆತ್ತಿಗೇರಿದ್ದೇಕೆ?

ಪ್ರಶ್ನೆ: ನಮ್ಮ ಸೊಸೈಟಿಯ ಜಾಲತಾಣ ವರ್ಡ್‌ಪ್ರೆಸ್‌ (ಜಾಲತಾಣ ಕಟ್ಟುವ ತಂತ್ರಾಂಶ) ನಲ್ಲಿದೆ. ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಧಾರಣೆಯನ್ನು ಬೇಕಾದ ಪುಟದಲ್ಲಿ ತೋರಿಸಲು ನಾನೇ ಒಂದು ಶಾರ್ಟ್‌ಕೋಡ್ (ಬರಹದೊಳಗೆ ಇಟ್ಟರೆ ಅಲ್ಲಿ ಕೋಡಿನ ಫಲಿತವನ್ನು ತೋರಿಸುವ ಪುಟ್ಟ ಟ್ಯಾಗ್) ಬರೆದೆ. ಬರಹದ ನಡುವೆ ಇಟ್ಟರೂ ಪಟ್ಟಿ ಬರಹಕ್ಕಿಂತ ಮೇಲೆಯೇ ಮೂಡುತ್ತದೆ. ಕಾರಣವೇನು?
— ಓದುಗರೊಬ್ಬರು, ಶಿರಸಿ

ಉತ್ತರ: ಶಾರ್ಟ್‌ಕೋಡಿನ ಹಿಂದೆ ಕೆಲಸ ಮಾಡುವ ನಿಮ್ಮ ಫಂಕ್ಷನ್ ಪಟ್ಟಿಯನ್ನು ‘ಎಕೋ’ ಮಾಡುತ್ತಿರಬೇಕು, ಎಂದರೆ ನೇರವಾಗಿ ಮುದ್ರಿಸುತ್ತಿರಬೇಕು; ಅದು ‘ರಿಟರ್ನ್’ ಮಾಡಬೇಕಿತ್ತು, ಎಂದರೆ ವರ್ಡ್‌ಪ್ರೆಸ್‌ಗೆ ಮರಳಿಸಬೇಕಿತ್ತು. ವರ್ಡ್‌ಪ್ರೆಸ್ ಮೊದಲು ಇಡೀ ಬರಹವನ್ನು ಓದಿ, ಚೌಕ ಆವರಣದಲ್ಲಿರುವ ನಿಮ್ಮ ಟ್ಯಾಗನ್ನು ಕಂಡು, ಫಂಕ್ಷನ್ ಮರಳಿಸಿದ ಪಠ್ಯವನ್ನು ಆ ಜಾಗದಲ್ಲಿ ಕೂರಿಸಿ, ಆಮೇಲಷ್ಟೇ ಬರಹವನ್ನು ಹೊರಗೆ ಕಳಿಸುತ್ತದೆ. ಎಕೋ ಅಷ್ಟು ಹೊತ್ತು ಕಾಯುವುದಿಲ್ಲವಾದ್ದರಿಂದ, ಊಟದ ಎಲೆ ಹಾಕುವ ಮೊದಲೇ ಬಡಿಸಿದ ಹಾಗೆ, ಪಟ್ಟಿ ಮುಂಚಿತವಾಗಿ ಹೊರಬೀಳುತ್ತದೆ. 2008ರಲ್ಲಿ 2.5ನೇ ಆವೃತ್ತಿಯೊಂದಿಗೆ ಶಾರ್ಟ್‌ಕೋಡ್ ಬಂದಂದಿನಿಂದ ಹೊಸಬರು ಎಡವುತ್ತ ಬಂದಿರುವ ಜಾಗವಿದು, ನಾನೂ ಎಡವಿದ್ದೇನೆ.

ಥೀಮಿನ (ತಾಣದ ರೂಪ ನಿರ್ಧರಿಸುವ ಕಡತಗಳ) ಟೆಂಪ್ಲೇಟ್ ಟ್ಯಾಗ್‌ಗಳಲ್ಲೂ, ಎಂದರೆ ಅಲ್ಲಿ ಬಳಸುವ ಸಿದ್ಧ ಫಂಕ್ಷನ್‌ಗಳಲ್ಲೂ, ಇದೇ ಭೇದವಿದೆ: ‘ದ ಟೈಟಲ್’ ಶೀರ್ಷಿಕೆಯನ್ನು ನೇರವಾಗಿ ಮುದ್ರಿಸುತ್ತದೆ, ‘ಗೆಟ್ ದ ಟೈಟಲ್’ ಅದನ್ನು ನಿಮ್ಮ ಕೈಗೆ ಕೊಡುತ್ತದೆ. ಮುದ್ರಿಸುವ ಹಳೆಯ ಫಂಕ್ಷನ್ನನ್ನೇ ಬಳಸಬೇಕಾದರೆ ವರ್ಡ್‌ಪ್ರೆಸ್‌ನ ಕೋಡ್ ಭಾಷೆಯಾದ ಪಿಎಚ್‌ಪಿಯ ಔಟ್‌ಪುಟ್ ಬಫರ್‌ನಲ್ಲಿ (ಹೊರಹೋಗುವುದನ್ನು ತಡೆದಿಡುವ ತಾತ್ಕಾಲಿಕ ಜಾಗದಲ್ಲಿ) ಅದರ ಫಲಿತವನ್ನು ಹಿಡಿದು ಮರಳಿಸಬಹುದು. ಅಡಿಕೆಯ ಬಗೆಯನ್ನು ಟ್ಯಾಗಿನೊಳಗೇ ಆಟ್ರಿಬ್ಯೂಟ್ (ಟ್ಯಾಗಿಗೆ ಸೇರಿಸುವ ವಿವರ) ಆಗಿ ಕೊಡುವುದಾದರೆ, ಬಗೆ ಬರೆಯದಿದ್ದಾಗ ರಾಶಿಯ ದರವೇ ಬರುವಂತೆ ಪೂರ್ವನಿಗದಿ ಮಾಡಿ. ಹೊರಗಿನಿಂದ ಬಂದ ಪಠ್ಯವನ್ನು ಎಸ್ಕೇಪ್ ಮಾಡದೆ, ಎಂದರೆ ಅದರೊಳಗಿನ ಚಿಹ್ನೆಗಳು ಕೋಡಾಗಿ ಓಡದಂತೆ ಮಾಡದೆ, ತೋರಿಸಬೇಡಿ. ಈ ಕೋಡನ್ನು ಥೀಮಿನಲ್ಲಿಡದೆ ಪುಟ್ಟ ಪ್ಲಗಿನ್ (ಥೀಮಿನಿಂದ ಬೇರೆಯಾಗಿ ಸೇರಿಸುವ ಕೋಡ್) ಆಗಿಸಿ, ಏಕೆಂದರೆ ಥೀಮ್ ಬದಲಿಸಿದ ದಿನ ಧಾರಣೆಯ ಜಾಗದಲ್ಲಿ ಚೌಕ ಆವರಣದ ಬರಿಯ ಟ್ಯಾಗ್ ಕಾಣಿಸುತ್ತದೆ.