ಮನೆ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ಗಳಿಗೆ ಭವಿಷ್ಯ ಇದೆಯಾ? ಈಗ ದುಡ್ಡು ಹಾಕಬಹುದಾ?

ಸಾಗರದಲ್ಲಿದ್ದೇನೆ, ಒಂದೂವರೆ ಲಕ್ಷ ಕೂಡಿಟ್ಟಿದ್ದೇನೆ, ಈ ಸಿಮ್ಯುಲೇಟರ್‌ಗಳು, ಅಂದರೆ ಪರದೆಯ ಮೇಲೆ ವಿಮಾನ ಹಾರಿಸುವ ತಂತ್ರಾಂಶಗಳು, ಇನ್ನು ಐದು ವರ್ಷ ಇರುತ್ತವೆ ಅಂತ ಖಾತ್ರಿ ಆದರೆ ಮಾತ್ರ ಶುರು ಮಾಡುತ್ತೇನೆ ಅಂದಿದ್ದೀರಿ. 2009ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಅದರಿಂದ ಕಳೆದುಕೊಂಡದ್ದು ಇವತ್ತಿಗೂ ವಾಪಸ್ ಸಿಕ್ಕಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 2007ರಲ್ಲಿ ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಆ ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಚುಕ್ತಾ ಆದ ದಿನ ಅಪ್ಪಯ್ಯ 38 ಸಾವಿರ ಎಣಿಸಿ ಕೈಗಿಟ್ಟರು. ಕೋರ್ 2 ಡ್ಯುಯೋ, 2 ಜಿಬಿ ರ್‍ಯಾಮ್, 8600 ಜಿಟಿ ಗ್ರಾಫಿಕ್ಸ್ ಕಾರ್ಡ್. ಕಂಪ್ಯೂಟರ್ ಊರಿನ ಮನೆಯಲ್ಲೇ ಇತ್ತು. ಶನಿವಾರ ಸಂಜೆ ಬಸ್ ಹತ್ತಿ ಹೋಗುತ್ತಿದ್ದೆ, ರಾತ್ರಿ ಕೂರುತ್ತಿದ್ದೆ. ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ನನ್ನ ಹತ್ತಿರ ಅದರ ಡೀಲಕ್ಸ್ ಡಿಸ್ಕ್ ಇತ್ತು. ಸೆಕೆಂಡಿಗೆ ಹನ್ನೆರಡು ಫ್ರೇಮ್, ಅಂದರೆ ಹನ್ನೆರಡು ಚಿತ್ರ, ಬಂದರೆ ಅವತ್ತು ಹಬ್ಬ.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಸೆಸ್ನಾ 172 ಅನ್ನುವ ಸಣ್ಣ ವಿಮಾನ ಹತ್ತಿ ಘಟ್ಟ ದಾಟಿ ನಮ್ಮೂರ ಮೇಲೆ ಬರುವುದು ನನ್ನ ಆಸೆ. ಬಂದು ನೋಡಿದರೆ ನಮ್ಮೂರೇ ಇಲ್ಲ. ಗುಡ್ಡಗಳ ತುದಿಯನ್ನು ಯಾರೋ ಉಜ್ಜಿ ಹಾಕಿದ ಹಾಗಿತ್ತು. ಕೊಡಚಾದ್ರಿ 1343 ಮೀಟರ್ ಇದೆ, ಅಲ್ಲಿ ನೋಡಿದರೆ ಗೋಣಿಚೀಲ ಮಗುಚಿಟ್ಟ ಹಾಗೆ. ಲಿಂಗನಮಕ್ಕಿ ಹಿನ್ನೀರು ಕೈಬೆರಳಿನ ಹಾಗೆ ಕಣಿವೆ ಕಣಿವೆಗೆ ಚಾಚಿಕೊಂಡಿರುತ್ತದೆ ಅಲ್ವಾ, ಅದು ಒಂದು ನೀಲಿ ಮುದ್ದೆ.

ಆಗ ಗೊತ್ತಾಯಿತು, ನೆಲವನ್ನು ನಾವೇ ಮಾಡಿ ಸೇರಿಸಬಹುದು ಅಂತ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರಾಡಾರಿನಿಂದ ನೆಲದ ಎತ್ತರ ಅಳೆದಿತ್ತು. ನಮ್ಮ ಕಡೆಗೆ ಸುಮಾರು 90 ಮೀಟರಿಗೆ ಒಂದು ಚುಕ್ಕಿಯ ಹಾಗೆ ಆ ಲೆಕ್ಕ ಪುಕ್ಕಟೆ ಸಿಗುತ್ತಿತ್ತು. ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲಕ್ಕೆ ಒಂದು ಫೈಲ್. ನನಗೆ ನಾಲ್ಕು ಬೇಕಿತ್ತು. ಶಿವಮೊಗ್ಗ ಒಂದರಲ್ಲಿ, ಸಾಗರ ಇನ್ನೊಂದರಲ್ಲಿ, ಜೋಗ ಮತ್ತೊಂದರಲ್ಲಿ, ಕೊಡಚಾದ್ರಿ ನಾಲ್ಕನೆಯದರಲ್ಲಿ. ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಊರಿಗೆ ಒಯ್ದೆ.

ಆ ಲೆಕ್ಕದಲ್ಲಿ ತೂತುಗಳಿದ್ದವು. ಕಡಿದಾದ ಇಳಿಜಾರಿನಲ್ಲಿ ರಾಡಾರಿಗೆ ಏನೂ ಸಿಗದ ಕಡೆ ಮೈನಸ್ 32768 ಅಂತ ಬರೆದಿರುತ್ತಿತ್ತು. ಹಾಗೇ ಬಿಟ್ಟರೆ ಗುಡ್ಡದ ನಡುವೆ ಪಾತಾಳಕ್ಕೆ ಹೋಗುವ ಬಾವಿ ಕಾಣುತ್ತದೆ. ಹಳೇ ನಕಾಶೆಯ ಗೆರೆ ನೋಡಿ ಒಂದೊಂದೇ ಚುಕ್ಕಿಗೆ ಎತ್ತರ ತುಂಬಿದೆ. ಜೋಗದಲ್ಲಿ 253 ಮೀಟರ್ ನೇರ ಬಂಡೆ. 90 ಮೀಟರಿಗೊಂದು ಚುಕ್ಕಿಯಾದರೆ ಆ ಗೋಡೆ ಜಾರುಬಂಡೆ ಆಗಿಬಿಡುತ್ತದೆ. ಅಕ್ಕಪಕ್ಕದ ಎರಡು ಚುಕ್ಕಿಗೆ ಪೂರ್ತಿ ವ್ಯತ್ಯಾಸ ಕೊಟ್ಟು ಆದಷ್ಟು ಕಡಿದು ಮಾಡಿದೆ.

ಹಿನ್ನೀರಿನ ಕೆಲಸ ಇದಕ್ಕಿಂತ ಜಾಸ್ತಿ. ನೌಕೆ ಹಾದುಹೋದದ್ದು ಫೆಬ್ರವರಿಯಲ್ಲಿ, ಆಗ ನೀರು ಇಳಿದಿರುತ್ತದೆ. ನನಗೆ ಬೇಕಿದ್ದದ್ದು ಮಳೆಗಾಲ ಮುಗಿದಾಗಿನ ತುಂಬಿದ ಹಿನ್ನೀರು. ಅಂದರೆ 1819 ಅಡಿ. ಆ ಎತ್ತರದಲ್ಲಿ ದಡದ ಗೆರೆ ಕೈಯಲ್ಲೇ ಬರೆದೆ. ಹೊಳೆಬಾಗಿಲಿನಲ್ಲಿ ಸಿಗಂದೂರಿಗೆ ಹೋಗುವ ಲಾಂಚ್ (ಬಸ್ಸನ್ನೂ ಹೊತ್ತು ಹಿನ್ನೀರು ದಾಟಿಸುವ ದೊಡ್ಡ ದೋಣಿ) ಜಾಗಕ್ಕೆ ಒಂದು ದೋಣಿಯನ್ನೂ ಇಟ್ಟೆ. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಎಷ್ಟೋ ರಾತ್ರಿ ಕರೆಂಟ್ ಹೋಗಿ ಮಾಡಿದ್ದು ಉಳಿಯದೆ ಮತ್ತೆ ಮೊದಲಿಂದ ಮಾಡಿದ್ದೇನೆ.

ನಮ್ಮ ಅಜ್ಜಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರ ಊರು ಪೂರ್ತಿ ನೀರಿಗೆ ಹೋಗಿತ್ತು. 2008ರ ದೀಪಾವಳಿಗೆ ನೆಲ ಒಂದು ಹದಕ್ಕೆ ಬಂದಿತ್ತು. ಅಜ್ಜಿಯನ್ನು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂರಿಸಿಕೊಂಡು ಮೂರು ಸಾವಿರ ಅಡಿಯಲ್ಲಿ ಹಿನ್ನೀರಿನ ಮೇಲೆ ನಿಧಾನ ಹಾರಿಸಿದೆ. ಮೊದಲು ಸುಮ್ನೆ ನೋಡುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು "ಇಲ್ಲೇ ನಿಲ್ಸು ಮಾಣಿ" ಅಂದರು. ಪಿ ಒತ್ತಿ ನಿಲ್ಲಿಸಿದೆ. ಪರದೆಗೆ ಬೆರಳು ತಾಗಿಸಿ, ಎರಡು ಗುಡ್ಡದ ಸಂದು ತೋರಿಸಿ, ಇಲ್ಲಿಂದ ಈಚೆಗೆ ನಮ್ಮ ತೋಟ, ಆ ಮೂಲೆಯಲ್ಲಿ ಬನ, ಇಲ್ಲಿ ಕಾಲುಸಂಕ ಅಂತ ಹೇಳುತ್ತಾ ಹೋದರು. ನೀರಿನ ಕೆಳಗಿನದು ಏನೂ ಕಾಣುತ್ತಿರಲಿಲ್ಲ. ಸುತ್ತಲಿನ ಗುಡ್ಡದ ಆಕಾರ ನೋಡಿಯೇ ಗುರುತು ಹಿಡಿದರು. ಶಿಫ್ಟ್ ಮತ್ತು ಜೆಡ್ ಒತ್ತಿದರೆ ಮೇಲೆ ಅಕ್ಷಾಂಶ ರೇಖಾಂಶ ಬರುತ್ತದೆ. ಅವರು ಹೇಳಿದ ಒಂದೊಂದು ಜಾಗದ ಮೇಲೂ ವಿಮಾನ ತಂದು ನಿಲ್ಲಿಸಿ, ಆ ಸಂಖ್ಯೆ ನೋಡಿ ನೋಟ್‌ಪ್ಯಾಡಿನಲ್ಲಿ ಬರೆದುಕೊಂಡೆ. ಮೂರು ರಾತ್ರಿ, 23 ಜಾಗ. ಫೈಲಿಗೆ "ಊರು" ಅಂತ ಹೆಸರಿಟ್ಟೆ.

2009ರ ಜನವರಿಯಲ್ಲಿ ಮೈಕ್ರೋಸಾಫ್ಟ್ 5000 ಕೆಲಸ ಕಡಿತ ಮಾಡುವುದಾಗಿ ಹೇಳಿತು. ಫ್ಲೈಟ್ ಸಿಮ್ಯುಲೇಟರ್ ಮಾಡುತ್ತಿದ್ದ ಏಸಸ್ ಸ್ಟುಡಿಯೋವನ್ನು ಆಗಲೇ ಮುಚ್ಚಿದರು. 1982ರಿಂದ ಬರುತ್ತಿದ್ದದ್ದು ನಿಂತಿತು. ಸುದ್ದಿ ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಸಿಟ್ಟು ಬಂತು. ಇನ್ನು ಇದಕ್ಕೆ ಹೊಸದು ಬರುವುದಿಲ್ಲ, ಸತ್ತದ್ದಕ್ಕೆ ಯಾಕೆ ರಾತ್ರಿ ನಿದ್ದೆ ಕೆಡಬೇಕು ಅನ್ನಿಸಿತು. ತೀರ್ಥಹಳ್ಳಿಯ ಒಬ್ಬರು ಕಂಪ್ಯೂಟರಿಗೆ 17 ಸಾವಿರ ಕೊಡುತ್ತೇನೆ ಅಂದಿದ್ದರು. ಕೊಟ್ಟುಬಿಟ್ಟೆ. ಕೊಡುವ ಮೊದಲು ನಾನೇ ಕೂತು ಡಿಸ್ಕ್ ಫಾರ್ಮ್ಯಾಟ್ ಮಾಡಿದೆ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಂಪ್ಯೂಟರ್ ಮಾರಿದ್ದು ತಪ್ಪಲ್ಲ. ಏನೂ ಉಳಿಸಲಿಲ್ಲ ಅಂತಲೂ ಅಲ್ಲ. ಕೊನೆಯಲ್ಲಿ ತಯಾರಾದ ಬಿಜಿಎಲ್ ಫೈಲನ್ನು, ಅಂದರೆ ಸಿಮ್ಯುಲೇಟರ್ ನೇರವಾಗಿ ಓದುವ ಫೈಲನ್ನು, ಒಂದು ಸಿಡಿಗೆ ಹಾಕಿಟ್ಟಿದ್ದೆ. ಕೆಲಸ ಎಲ್ಲ ಅದರೊಳಗೇ ಇದೆಯಲ್ಲ ಅಂದುಕೊಂಡೆ. ನಾನು ತಿದ್ದಿದ ಎತ್ತರದ ಲೆಕ್ಕ, ಕೈಯಲ್ಲಿ ಬರೆದ ದಡದ ಗೆರೆ, "ಊರು" ಫೈಲ್, ಈ ಮೂರನ್ನೂ ಬಿಟ್ಟೆ. ಅವು ಕಚ್ಚಾ ಸಾಮಾನು, ಕೆಲಸ ಮುಗಿದ ಮೇಲೆ ಯಾಕೆ ಅನ್ನುವ ಭಾವನೆ. ನಿಮ್ಮ ಮನೆಯಲ್ಲಿ ತೋಟ ಇದ್ದರೆ ಇದು ಅರ್ಥವಾಗುತ್ತದೆ. ಬೇಯಿಸಿ ಒಣಗಿಸಿದ ಅಡಿಕೆ ಮಂಡಿಗೆ ಸರಿ. ಅದನ್ನು ಮಡಿಯಲ್ಲಿ ಹಾಕಿದರೆ ಸಸಿ ಬರುವುದಿಲ್ಲ, ಬೀಜದ ಅಡಿಕೆಯೇ ಬೇಕು. ಬಿಜಿಎಲ್ ಬೇಯಿಸಿದ ಅಡಿಕೆ. ಅದು ಆ ಒಂದು ಸಿಮ್ಯುಲೇಟರಿಗೆ ಮಾತ್ರ. ಕಚ್ಚಾ ಲೆಕ್ಕ ಇದ್ದಿದ್ದರೆ ನಾಳೆ ಬರುವ ಯಾವ ಸಿಮ್ಯುಲೇಟರಿಗಾದರೂ ಹೊಂದಿಸಿಕೊಳ್ಳಬಹುದಿತ್ತು. ಎಲ್ಲ ಸೇರಿಸಿದರೂ 40 ಎಂಬಿ ದಾಟುತ್ತಿರಲಿಲ್ಲ. ಫಾರ್ಮ್ಯಾಟ್ ಒತ್ತುವಾಗ ನನ್ನ ಅಂಗಿ ಜೇಬಿನಲ್ಲಿ 1 ಜಿಬಿಯ ಪೆನ್‌ಡ್ರೈವ್ ಇತ್ತು. ಒಂದು ನಿಮಿಷದ ಕೆಲಸ. ಕಂಪನಿ ಮುಚ್ಚಿತು ಅಂದರೆ ನನ್ನ ಕೆಲಸವೂ ಮುಗಿಯಿತು ಅಂತ ನಾನೇ ತೀರ್ಮಾನ ಮಾಡಿದ್ದೆ. ಬೇರೆ ಯಾರೂ ಹಾಗೆ ಹೇಳಿರಲಿಲ್ಲ.

ಅಜ್ಜಿ 2011ರಲ್ಲಿ ಹೋದರು. ಸಿಡಿಯನ್ನು 2014ರ ಡಿಸೆಂಬರಿನಲ್ಲಿ ಹೊರಗೆ ತೆಗೆದೆ. ಆ ತಿಂಗಳು ಅದೇ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಅನ್ನು ಡವ್‌ಟೇಲ್ ಅನ್ನುವ ಕಂಪನಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿಯಲ್ಲಿ ಮತ್ತೆ ಮಾರಾಟಕ್ಕೆ ಬಿಟ್ಟಿತ್ತು. ನಾನು ಸತ್ತಿದೆ ಅಂದುಕೊಂಡದ್ದನ್ನು ಜನ ಆರು ವರ್ಷವೂ ಬಿಡದೆ ಹಾರಿಸುತ್ತಲೇ ಇದ್ದರು. ಸಿಡಿಯ ಹಿಂಬದಿಯಲ್ಲಿ ಬೂಷ್ಟು ಹಿಡಿದು ಬಿಳಿ ಬಳ್ಳಿಯ ಹಾಗೆ ಹರಡಿತ್ತು. ಮಲೆನಾಡಿನ ಐದಾರು ಮಳೆಗಾಲ ಕಂಡ ಸಿಡಿ. ಯಾವ ಡ್ರೈವೂ ಓದಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಖಾತ್ರಿ ಆದ ಮೇಲೆ ಶುರು ಮಾಡುತ್ತೇನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಖಾತ್ರಿ ಯಾವತ್ತೂ ಇರಲಿಲ್ಲ. ಮೈಕ್ರೋಸಾಫ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಅಂತ ಒಂದು ತಂದು ಜುಲೈನಲ್ಲೇ ಕೈಬಿಟ್ಟಿತು. 2020ರ ಆಗಸ್ಟಿನಲ್ಲಿ ಅವರ ಫ್ಲೈಟ್ ಸಿಮ್ಯುಲೇಟರ್ ಮತ್ತೆ ಜೋರಾಗಿ ಬಂತು. ನಡುವೆ ಆಸ್ಟಿನ್ ಮೇಯರ್ ಅವರ ಎಕ್ಸ್‌ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್ ನಿಲ್ಲದೆ ನಡೆಯುತ್ತಲೇ ಇತ್ತು. ಫ್ಲೈಟ್‌ಗಿಯರ್ ಅಂತೂ ಯಾರ ಕಂಪನಿಯೂ ಅಲ್ಲ, ಆಸಕ್ತಿ ಇರುವವರು ಸೇರಿ ಬರೆಯುವ ಉಚಿತ ತಂತ್ರಾಂಶ, 90ರ ದಶಕದಿಂದ ಇದೆ. ಐದು ವರ್ಷ ಯಾವುದು ಉಳಿಯುತ್ತದೆ ಅಂತ ಭವಿಷ್ಯ ಹೇಳಲು ಹೋಗಬೇಡಿ. ಕಂಪನಿ ನಾಳೆ ಸರ್ವರ್ ಆರಿಸಿದರೆ ನಿಮ್ಮ ಮನೆಯಲ್ಲಿ ಏನು ಉಳಿಯುತ್ತದೆ ಅಂತ ನೋಡಿ.

ಹಾಗೆ ನೋಡಿದರೆ 2024ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ನಮ್ಮ ಕಡೆಯವರಿಗೆ ಬೇಡ ಅಂತ ಖಡಾಖಂಡಿತ ಹೇಳುತ್ತೇನೆ. ಅದರ ಬಹುಪಾಲು ನಿಮ್ಮ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಹಾರುವಾಗ ಇಂಟರ್‌ನೆಟ್ಟಿನಿಂದ ಹರಿದು ಬರುತ್ತದೆ. ಬಿಡುಗಡೆಯಾದ ನವೆಂಬರ್ 19ರಂದು ಸರ್ವರ್ ತಡೆಯದೆ ಎಷ್ಟೋ ಜನ ಒಳಗೇ ಹೋಗಲಾಗಲಿಲ್ಲ. ಅದು ದೊಡ್ಡ ಊರುಗಳಲ್ಲೂ ಆದ ಕಥೆ. 2020ರದ್ದು ನನ್ನ ಹತ್ತಿರ ಇದೆ. ಸಂಜೆ ಬಿಸಿಲಿನಲ್ಲಿ ಕೊಡಚಾದ್ರಿ ನೋಡಿ ಕಣ್ಣು ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆಷಾಢದ ಒಂದು ರಾತ್ರಿ ಹಾರುತ್ತಿರುವಾಗ ಮರ ಬಿದ್ದು ಕರೆಂಟ್ ಹೋಯಿತು. ನನ್ನದು ಯುಪಿಎಸ್ ಮೇಲೆ ನಡೆಯುತ್ತಿತ್ತು, ಮೊಬೈಲ್ ಟವರ್ ಹೋಗಿ ಇಂಟರ್‌ನೆಟ್ ನಿಂತಿತು. ನೋಡುತ್ತಿದ್ದ ಹಾಗೇ ಮುಂದಿನ ನೆಲ ಮಂಕಾಗಿ, ಯಾವ ಊರಿನದೋ ಕಾಡಿನ ಹಾಗೆ ಕಾಣತೊಡಗಿತು. ನನಗೆ ಮತ್ತೆ 2009 ನೆನಪಾಯಿತು.

ಒಂದೂವರೆ ಲಕ್ಷ ಖರ್ಚು ಮಾಡಬೇಡಿ. ಈಗಿರುವ ಕಂಪ್ಯೂಟರಿಗೆ ಫ್ಲೈಟ್‌ಗಿಯರ್ ಹಾಕಿ, ಎಕ್ಸ್‌ಪ್ಲೇನ್ ಡೆಮೊ ಉಚಿತ, ಅದನ್ನೂ ನೋಡಿ. ಒಂದು ಒಳ್ಳೆಯ ಜಾಯ್‌ಸ್ಟಿಕ್ ತಗೊಳ್ಳಿ, ಅದು ಯಾವ ಸಿಮ್ಯುಲೇಟರಿಗೂ ಆಗುತ್ತದೆ. ಆರು ತಿಂಗಳಾದ ಮೇಲೂ ಆಸೆ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಯೋಚಿಸಿ. ಪೈಲಟ್ ಆಗಲು ಸಹಾಯವಾಗುತ್ತದಾ ಅಂತಲೂ ಕೇಳಿದ್ದೀರಿ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆಯಲ್ಲಿ ಮನೆಯ ಕಂಪ್ಯೂಟರಿನದು ಒಂದು ನಿಮಿಷವೂ ಸೇರುವುದಿಲ್ಲ. ಉಪಕರಣ ಓದುವ ಅಭ್ಯಾಸ ಆಗುತ್ತದೆ, ಅಷ್ಟೆ.

ಮತ್ತೆ, ಸುಮ್ನೆ ಹಾರಿಸುವುದರ ಜೊತೆಗೆ ನಿಮ್ಮೂರಿನದು ಏನಾದರೂ ಒಂದು ಮಾಡಿ. ನಾನು ತಿರುಗಿ ಶುರು ಮಾಡಿದ್ದು 2023ರಲ್ಲಿ. ಆಗಸ್ಟ್ 31ರಂದು ಶಿವಮೊಗ್ಗದ ಸೊಗಾನೆ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ಮೊದಲ ವಿಮಾನ ಇಳಿಯುವುದನ್ನು ರಸ್ತೆ ಬದಿ ನಿಂತು ನೋಡಿದೆ. ಮನೆಗೆ ಬಂದು ಅದೇ ರಾತ್ರಿ ಆ 3.2 ಕಿಲೋಮೀಟರ್ ರನ್‌ವೇಯನ್ನು ಎಕ್ಸ್‌ಪ್ಲೇನಿಗೆ ಬರೆದೆ. ಅದರಲ್ಲಿ ರನ್‌ವೇ ಅಂದರೆ ನೋಟ್‌ಪ್ಯಾಡಿನಲ್ಲಿ ಓದಬಹುದಾದ ಒಂದು ಸಾಲು. 100 ಅಂತ ಶುರುವಾಗಿ ಅಗಲ, ಎರಡು ತುದಿಯ ಅಕ್ಷಾಂಶ ರೇಖಾಂಶ ಎಲ್ಲ ಅಲ್ಲೇ ಕಣ್ಣಿಗೆ ಕಾಣುತ್ತದೆ. ಫ್ಲೈಟ್‌ಗಿಯರ್ ಕೂಡ ಆ ಬಗೆಯ ಫೈಲ್ ಓದುತ್ತದೆ. ಇಂಥದ್ದಕ್ಕೆ ಹಾಕಿದ ಕೆಲಸ ಪೋಲಾಗುವುದಿಲ್ಲ. ಮೂರು ಕಡೆ ಇಟ್ಟಿದ್ದೇನೆ, ಒಂದು ತಂಗಿಯ ಮನೆಯಲ್ಲಿ, ಬೆಂಗಳೂರಿನಲ್ಲಿ.

ನೌಕೆಯ ಲೆಕ್ಕ ಈಗ 30 ಮೀಟರಿಗೊಂದು ಚುಕ್ಕಿಯ ಹಾಗೆ ಎಲ್ಲರಿಗೂ ಸಿಗುತ್ತದೆ. ಜೋಗದ ಗೋಡೆ ಮೊದಲಿಗಿಂತ ಚೆನ್ನಾಗಿ ಬಂದಿದೆ. ದಡದ ಗೆರೆಯೂ ಮತ್ತೆ ಬರುತ್ತದೆ, ಕೂತರೆ ಆಯಿತು. 23 ಜಾಗದಲ್ಲಿ ನನಗೆ ನೆನಪಿರುವುದು ನಾಲ್ಕು. ಅದರಲ್ಲೂ ಕಾಲುಸಂಕ ಎಡಗಡೆ ಗುಡ್ಡದ ಬುಡದಲ್ಲೋ ಬಲಗಡೆಯೋ ಅಂತ ಅನುಮಾನ.

ಈಗ ಹೊಳೆಬಾಗಿಲಿನ ತನಕ ದಡ ಬರೆದಾಗಿದೆ. ಅಲ್ಲಿ ಸೇತುವೆ ಆಗಿರುವುದು ಗೊತ್ತು, ಅದನ್ನೂ ಹಾಕುತ್ತೇನೆ. ಆದರೆ ಲಾಂಚ್ ಕೂಡ ಇರಬೇಕು ಅಂತ ನನ್ನ ಆಸೆ. ನೀವು ಸಾಗರದವರು, ನಿಮ್ಮ ಮನೆಯಲ್ಲಿ ಲಾಂಚಿನ ಪಕ್ಕದಿಂದ ತೆಗೆದ ಹಳೇ ಫೋಟೋ ಇದ್ದರೆ ಕಳಿಸಿ. ಮೇಲೆ ಬಸ್ಸು ನಿಂತಿರುವುದು ಇದ್ದರೆ ಇನ್ನೂ ಒಳ್ಳೆಯದು, ಬಸ್ಸಿನ ಉದ್ದದಿಂದ ಅಳತೆ ಹಿಡಿಯಬಹುದು.