ಗುವಾಮ್‌ನ ಕೆಂಪನ್ನ ಮತ್ತು ಮುಯ್ಯಿ

ಪ್ರಶ್ನೆ: ಪೆಸಿಫಿಕ್‌ನ ಗುವಾಮ್ ದ್ವೀಪದ ಚಮೋರೊ ಜನರ ಸಂಪ್ರದಾಯವನ್ನು ಜಾಗತೀಕರಣ ನುಂಗಿಬಿಟ್ಟಿತೇ?

ಉತ್ತರ: ಊಟದ ವಿಷಯದಲ್ಲಿ ನನಗೆ ಹಾಗನ್ನಿಸುವುದಿಲ್ಲ. ಹೊರಗಿನಿಂದ ಬಂದದ್ದನ್ನೇ ಅವರು ತಮ್ಮದಾಗಿಸಿಕೊಂಡಿದ್ದಾರೆ. ಅವರ ಹಬ್ಬದೂಟದ ಕೆಂಪನ್ನವನ್ನೇ ನೋಡಿ. ಅದಕ್ಕೆ ಬಣ್ಣ ಕೊಡುವ ಅಚೋಟೆ ಬೀಜದ ಮೂಲ ಅಮೆರಿಕ ಖಂಡ. ಫಿನಾಡೆನ್ನಿ ಚಟ್ನಿಗೆ ಸೋಯಾ ಸಾಸ್, ನಿಂಬೆ ಅಥವಾ ವಿನೆಗರ್, ಈರುಳ್ಳಿ, ಮೆಣಸಿನಕಾಯಿ ಬೇಕು. ಮೆಣಸಿನಕಾಯಿಯೂ ಹೊರಗಿನದೇ! ಅಮೆರಿಕದ ಡಬ್ಬಿ ಮಾಂಸ ಸ್ಪ್ಯಾಮ್ ಕೂಡ ಈಗ ಮನೆಯ ಅಡುಗೆಯೇ. ಆರೋಗ್ಯಕ್ಕೆ ಅದು ಒಳ್ಳೆಯದಲ್ಲ, ಆ ಮಾತು ಬೇರೆ.

ಊರಿನ ಸಂತರ ಹೆಸರಲ್ಲಿ ನಡೆಯುವ ಫಿಯೆಸ್ಟಾ ಹಬ್ಬ ಸ್ಪೇನ್‌ನವರಿಂದ ಬಂದದ್ದು. ಆದರೆ ಅದನ್ನು ನಡೆಸುವ ರೀತಿ ಚಮೋರೊ ಜನರದ್ದೇ. ಮದುವೆಗೋ ಸಾವಿಗೋ ನೆಂಟರು ದುಡ್ಡು, ಅಡುಗೆ, ಇಲ್ಲವೇ ಮೈಮುರಿದು ದುಡಿಮೆ ಕೊಡುತ್ತಾರೆ. ಮುಂದೆ ಅವರ ಮನೆಯ ಕಾರ್ಯಕ್ಕೆ ಇವರು ತೀರಿಸಬೇಕು. ನಮ್ಮ ಮುಯ್ಯಿಯೇ ಅಲ್ವಾ! ಇದಕ್ಕೆ ಚೆಂಚುಲಿ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಂಥ ಕಡೆ ನೆಲೆಸಿರುವ ಚಮೋರೊ ಕುಟುಂಬಗಳಲ್ಲೂ ಇದು ಉಳಿದಿದೆ. ಹಿರಿಯರ ಕೈಗೆ ಮೂಗು ತಾಗಿಸಿ ನಮಸ್ಕರಿಸುವ ಪದ್ಧತಿಯೂ ಇದೆ.

ನಿಜವಾದ ನಷ್ಟ ಆಗಿರುವುದು ಭಾಷೆಗೆ. ಅದಕ್ಕೆ ಸುಮ್ನೆ ಟಿವಿ, ಪ್ರವಾಸಿಗರನ್ನು ದೂರಿದರೆ ಸಾಲದು. 1898ರಲ್ಲಿ ದ್ವೀಪ ಅಮೆರಿಕದ ಕೈ ಸೇರಿತು. ನೌಕಾಪಡೆಯ ಆಡಳಿತ ಶಾಲೆಗಳಲ್ಲಿ ಚಮೋರೊ ಮಾತಾಡುವುದನ್ನೇ ನಿಷೇಧಿಸಿತ್ತು. ಚಮೋರೊ ಮಾತಾಡಿ ಏಟು ತಿಂದ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮಕ್ಕಳಿಗೆ ಇಂಗ್ಲಿಷೇ ಕಲಿಸಿದರು. 1974ರಲ್ಲಿ ಚಮೋರೊ ಇಂಗ್ಲಿಷ್ ಜೊತೆಗೆ ಅಧಿಕೃತ ಭಾಷೆಯಾಯಿತು. ಈಗ ಎಳೆಯ ಮಕ್ಕಳಿಗೆ ಚಮೋರೊದಲ್ಲೇ ಪಾಠ ಮಾಡುವ ಶಾಲೆಗಳಿವೆ. ಆದರೂ ಸರಾಗವಾಗಿ ಮಾತಾಡುವವರಲ್ಲಿ ವಯಸ್ಸಾದವರೇ ಜಾಸ್ತಿ.